ಹೊಸ ಕಂಪ್ಯೂಟರ್ ಬಂತು, ಹಳೇ ಫೈಲ್ ತೆರೆಯಲಿಲ್ಲ

ನಿಮ್ಮ ಮನೆಯ ಟ್ರಂಕು ತೆಗೆದು ನೋಡಿದರೆ ಇಪ್ಪತ್ತು ವರ್ಷದ ಹಿಂದೆ ಅಚ್ಚಾದ ಒಂದಾದರೂ ಕಾಗದ ಸಿಗುತ್ತದೆ. ಅಕ್ಕನ ಲಗ್ನಪತ್ರಿಕೆ ಇರಬಹುದು, ಜಾತ್ರೆಯ ಹ್ಯಾಂಡ್‌ಬಿಲ್ ಇರಬಹುದು, ಹೈಸ್ಕೂಲಿನ ಸ್ಮರಣ ಸಂಚಿಕೆಯೋ ಸೊಸೈಟಿಯ ವಾರ್ಷಿಕ ವರದಿಯೋ ಇರಬಹುದು. ಕಾಗದ ನಿಮ್ಮ ಹತ್ತಿರ ಇದೆ. ಅದನ್ನು ಅಚ್ಚು ಮಾಡಲು ತಯಾರಿಸಿದ ಕಂಪ್ಯೂಟರ್ ಫೈಲು ಮಾತ್ರ ತಾಲೂಕಿನ ಯಾವುದೋ ಪ್ರೆಸ್ಸಿನ ಅಟ್ಟದ ಮೇಲೆ, ಒಂದು ಸಿಡಿಯಲ್ಲೋ ಕೆಟ್ಟು ನಿಂತ ಕಂಪ್ಯೂಟರಿನ ಹಾರ್ಡ್‌ಡಿಸ್ಕಿನಲ್ಲೋ ಇರುತ್ತದೆ. ಅದು ಈಗಲೂ ತೆರೆಯುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳುವ ಪ್ರಸಂಗ ಬರುವುದು ಎರಡನೇ ಸಲ ಅಚ್ಚು ಮಾಡಿಸಬೇಕಾದಾಗ.

ಅಂಥ ಒಂದು ಕೆಲಸ ಕಳೆದ ವರ್ಷ ನನ್ನ ಕೈಗೆ ಬಂತು. ಪತ್ರಿಕೋದ್ಯಮ ಓದಿ ಬಂದ ಮೇಲೆ ನಾನು ಬಾಗಲಕೋಟೆ ಜಿಲ್ಲೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಪುಟ ಕಟ್ಟುವುದು, ಪ್ರೂಫ್ ನೋಡುವುದು ಮಾಡುತ್ತೇನೆ. ನಮ್ಮ ಮಾಲೀಕರು ಅಷ್ಟರಲ್ಲೇ ಹೊಸ ಕಂಪ್ಯೂಟರ್ ತಂದಿದ್ದರು. ಅದರೊಳಗೆ ಹೊಸ ಸಾಫ್ಟ್‌ವೇರ್, ತಿಂಗಳ ಬಾಡಿಗೆ ಕಟ್ಟುವಂಥದ್ದು. ಹಳೆಯ ಕಂಪ್ಯೂಟರು ಒಂದು ಮಳೆಗಾಲದಲ್ಲಿ ಸಿಡಿಲಿಗೆ ಸುಟ್ಟಿತ್ತು, ಹಾಗಾಗಿ ಹೊಸದು ತರದೆ ದಾರಿಯೂ ಇರಲಿಲ್ಲ.

ಬಂದವರು ಒಬ್ಬ ಅಜ್ಜಾರು. ಅವರ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ, ಜನ ಪುನರ್ವಸತಿ ಕೇಂದ್ರಕ್ಕೆ ಬಂದು ಎರಡು ದಶಕ ದಾಟಿದೆ. ಪ್ಲಾಸ್ಟಿಕ್ ಚೀಲದಿಂದ ಒಂದು ಪುಸ್ತಕ, ಒಂದು ಸಿಡಿ ತೆಗೆದು ಮೇಜಿನ ಮೇಲೆ ಇಟ್ಟರು.

“ಇದು 2004ರಾಗ ಮಾಡ್ಸಿದ್ದು ತಂಗಿ. ಊರು ಬಿಟ್ಟ ಮ್ಯಾಲ ಎಲ್ಲಾರೂ ಕೂಡಿ ರೊಕ್ಕ ಹಾಕಿ ಮಾಡ್ಸಿದ್ವಿ. ಈಗ ಮತ್ತ ಮುನ್ನೂರು ಪ್ರತಿ ಬೇಕಾಗ್ಯಾವ. ಜಾತ್ರಿಯೊಳಗ ಮನಿಗೊಂದು ಕೊಡೂದು.”

96 ಪುಟದ ಪುಸ್ತಕ. ಕವಿತೆ, ಶುಭಾಶಯ, ಮಠದ ಆಶೀರ್ವಚನ ಇವೆಲ್ಲ ಮುಂದಿನ ಪುಟಗಳಲ್ಲಿ ಇದ್ದೇ ಇದ್ದವು. ಅದರ ಹಿಂದೆ ಇದ್ದದ್ದು ಮುಖ್ಯ. ಓಣಿ ಓಣಿ ಹಿಡಿದು ಮನೆಗಳ ಪಟ್ಟಿ. ಯಾರ ಮನೆ, ಅವರ ಅಡ್ಡಹೆಸರು, ಮನೆಯಲ್ಲಿ ಎಷ್ಟು ಜನ, ಬಾಗಿಲು ಯಾವ ದಿಕ್ಕಿಗೆ, ನೀರು ಯಾವ ಬಾವಿಯಿಂದ, ಊರು ಬಿಟ್ಟ ಮೇಲೆ ಎಲ್ಲಿಗೆ ಹೋದರು. ಇಬ್ಬರು ಮಾಸ್ತರರು ಎರಡು ವರ್ಷ ತಿರುಗಾಡಿ ಬರೆದದ್ದಂತೆ. ಇಂಥ ಪುಸ್ತಕ ನಾನು ಬೇರೆ ಎಲ್ಲೂ ನೋಡಿಲ್ಲ.

ಆದರೆ ಅಜ್ಜಾರ ಪ್ರತಿಯಲ್ಲಿ 48ನೇ ಪುಟ ಆದ ಮೇಲೆ 65 ಇತ್ತು. ಪುಸ್ತಕ ಹದಿನಾರು ಪುಟದ ಫಾರಮ್ಮುಗಳಲ್ಲಿ ಅಚ್ಚಾಗಿ ಹೊಲಿಗೆ ಹಾಕಿಸಿಕೊಳ್ಳುತ್ತದೆ. ಹೊಲಿಗೆ ಬಿಚ್ಚಿ ನಾಲ್ಕನೆಯ ಫಾರಮ್ಮು ಪೂರ್ತಿ ಕಳಚಿಹೋಗಿತ್ತು. ಉಳಿದವರ ಮನೆಯ ಪ್ರತಿಗಳು? ಕೆಲವು ಗೆದ್ದಲಿಗೆ, ಕೆಲವು ಸೋರುವ ಪತ್ರಾಸಿಗೆ. ಕೇಂದ್ರದಲ್ಲಿ ಮನೆ ಮನೆ ಕೇಳಿದಾಗ ಸಿಕ್ಕದ್ದು ಇದೊಂದೇ ಎಂದರು.

ಹೋದ ಹದಿನಾರು ಪುಟದಲ್ಲಿ ಏನಿತ್ತು ಎಂದು ಕೇಳಿದೆ.

“ಕೆಳಗಿನ ಓಣಿ ಪೂರಾ ಅದರಾಗ ಇತ್ತವ್ವಾ,” ಎಂದರು.

ಕೆಳಗಿನ ಓಣಿ ಎಂದರೆ ಕೂಲಿ ಮಾಡುವವರು, ಬ್ಯಾರೆಯವರ ಜಾಗದಲ್ಲಿ ಗುಡಿಸಲು ಹಾಕಿಕೊಂಡವರು, ಬಾಡಿಗೆ ಕೋಣೆಯವರು. ಮೇಲಿನ ಓಣಿಯ ಮನೆಗಳಿಗೆ ಉತಾರ ಇತ್ತು, ಪರಿಹಾರದ ಕಾಗದ ಇವೆ, ಪುಸ್ತಕ ಹೋದರೂ ಕಚೇರಿಯಲ್ಲಿ ಎಲ್ಲೋ ಹೆಸರು ಇರುತ್ತದೆ. ಕೆಳಗಿನ ಓಣಿಯಲ್ಲಿ ಬಹಳ ಮನೆಗಳಿಗೆ ಉತಾರವೇ ಇರಲಿಲ್ಲ. ಅವರು ಅಲ್ಲಿ ಇದ್ದರು ಎಂದು ಮನೆ ಮನೆ ಹಿಡಿದು ಬರೆದದ್ದು ಆ ಹದಿನಾರು ಪುಟದಲ್ಲಿ ಮಾತ್ರ. ಉಳಿದ ಎಂಬತ್ತು ಪುಟ ಬೇಕಾದರೆ ಕೂತು ಮತ್ತೆ ಟೈಪ್ ಮಾಡಬಹುದು. ಇವನ್ನು ಎಲ್ಲಿಂದ ನೋಡಿ ಟೈಪ್ ಮಾಡುವುದು? ಸಿಡಿ ತೆರೆಯಲೇಬೇಕಿತ್ತು.

ಮೊದಲ ತೊಡಕು, ಹೊಸ ಕಂಪ್ಯೂಟರಿಗೆ ಸಿಡಿ ಹಾಕುವ ಬಾಯಿಯೇ ಇಲ್ಲ. ಫೋಟೋ ಸ್ಟುಡಿಯೋದವರ ಹತ್ತಿರ ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಇತ್ತು, ಕೇಳಿ ತಂದೆ. ಸಿಡಿ ಹಾಕಿ, ಒಳಗಿದ್ದದ್ದನ್ನು ತೆರೆಯುವ ಮೊದಲೇ ಪೂರ್ತಿ ಕಾಪಿ ಮಾಡಿ ಕಂಪ್ಯೂಟರಿಗೆ ಒಂದು, ಪೆನ್‌ಡ್ರೈವಿಗೆ ಒಂದು ಹಾಕಿಕೊಂಡೆ. ಗೀಚು ಬಿದ್ದ ಹಳೆಯ ಸಿಡಿ ಇವತ್ತು ಓದಿತು ಎಂದರೆ ನಾಳೆಯೂ ಓದುತ್ತದೆ ಎಂದು ನಂಬುವ ಹಾಗಿಲ್ಲ. ಕಾಪಿಯ ಪ್ರಾಪರ್ಟೀಸಿಗೆ ಹೋಗಿ ‘ರೀಡ್ ಓನ್ಲಿ’ ಗುರುತು ಹಾಕಿದೆ. ಮುಂದಿನ ಎಲ್ಲ ಕಸರತ್ತೂ ಮೂರನೆಯ ಒಂದು ಕಾಪಿಯ ಮೇಲೆ.

ಒಳಗೆ ಫೈಲುಗಳಿದ್ದವು. ಹೆಸರು ‘ಫೈನಲ್’, ‘ಫೈನಲ್ ಒನ್’, ‘ಫೈನಲ್ ಲಾಸ್ಟ್’. ಡಿಟಿಪಿ ಕೆಲಸ ಮಾಡಿದವರಿಗೆ ಇದು ಓದಿದ ಕೂಡಲೇ ನಗು ಬರುತ್ತದೆ. ಎಲ್ಲ ಹೆಸರುಗಳ ಬಾಲದಲ್ಲೂ ಒಂದು ಚುಕ್ಕೆ, ಒಂದು ‘ಪಿ’, ಆಮೇಲೆ 65. ಅಂದರೆ ಪೇಜ್‌ಮೇಕರ್ 6.5ರಲ್ಲಿ ಮಾಡಿದ್ದು. ಡಬಲ್ ಕ್ಲಿಕ್ ಮಾಡಿದರೆ ಹೊಸ ಕಂಪ್ಯೂಟರು ಇದು ಯಾವ ಜಾತಿಯ ಫೈಲೋ ನನಗೆ ಗೊತ್ತಿಲ್ಲ ಎಂಬ ಅರ್ಥದ ಒಂದು ಚೌಕಟ್ಟು ತೋರಿಸಿ ಸುಮ್ಮನಾಯಿತು.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಪೇಜ್‌ಮೇಕರ್ 1985ರಲ್ಲಿ ಅಮೆರಿಕದ ಆಲ್ಡಸ್ ಎಂಬ ಕಂಪನಿ ತಂದದ್ದು. ಅಚ್ಚುಮೊಳೆ ಜೋಡಿಸುವ ಬದಲು ಕಂಪ್ಯೂಟರಿನ ತೆರೆಯ ಮೇಲೆ ಪುಟ ಕಟ್ಟುವ ಡಿಟಿಪಿಯ ಯುಗ ಶುರುವಾದದ್ದೇ ಅದರಿಂದ. 1994ರಲ್ಲಿ ಆಲ್ಡಸ್ಸನ್ನು ಅಡೋಬ್ ಕೊಂಡುಕೊಂಡಿತು. 1999ರಲ್ಲಿ ಅಡೋಬ್ ಇನ್‌ಡಿಸೈನ್ ಎಂಬ ಬೇರೆಯೇ ಸಾಫ್ಟ್‌ವೇರ್ ತಂತು. 2001ರಲ್ಲಿ ಪೇಜ್‌ಮೇಕರಿನ 7ನೆಯ ಆವೃತ್ತಿ ಬಂತು, ಅದೇ ಕೊನೆ, 8 ಬರಲೇ ಇಲ್ಲ. ನಮ್ಮ ಕಡೆಯ ಪ್ರೆಸ್ಸುಗಳಲ್ಲಿ ಮಾತ್ರ ಅದು ಆಮೇಲೂ ವರ್ಷಗಟ್ಟಲೆ ಓಡಿತು. ಕಲಿತ ಕೈ, ಹೊಂದಿಕೊಂಡ ಕನ್ನಡ ಫಾಂಟು, ಸಣ್ಣ ಕಂಪ್ಯೂಟರಿನಲ್ಲೂ ಓಡುವ ಗುಣ, ಇಷ್ಟಿದ್ದ ಮೇಲೆ ಬಿಡುವುದು ಯಾಕೆ?

ಪೇಜ್‌ಮೇಕರಿನ 6.0ದಿಂದ 7ರವರೆಗಿನ ಫೈಲುಗಳನ್ನು ತೆರೆಯುವ ಶಕ್ತಿ ಇನ್‌ಡಿಸೈನಿಗೆ ಸಿಎಸ್6ರ ತನಕ ಇತ್ತು. ಅದು 2012ರ ಆವೃತ್ತಿ. 2013ರಲ್ಲಿ ಬಾಡಿಗೆಯ ಪದ್ಧತಿಯ ಸಿಸಿ ಬಂದಾಗ ಆ ಬಾಗಿಲು ಮುಚ್ಚಿತು. ಅಂದರೆ ಇವತ್ತಿನ ಇನ್‌ಡಿಸೈನ್ ಎಷ್ಟೇ ಹೊಸದಿರಲಿ, ಪೇಜ್‌ಮೇಕರ್ ಫೈಲನ್ನು ತೆರೆಯುವುದಿಲ್ಲ. ಹೊಸದರಲ್ಲಿ ಹಳೆಯದು ತೆರೆದೇ ತೆರೆಯುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಒಂದು ಹೆಜ್ಜೆ, ಎರಡು ಹೆಜ್ಜೆ ಹಿಂದಿನದಾದರೆ ಅದು ನಿಜ. ನಡುವೆ ಹತ್ತು ವರ್ಷ ದಾಟಿದರೆ ಸುಳ್ಳಾಗುತ್ತದೆ.

ಸ್ವಾರಸ್ಯ ಏನೆಂದರೆ, ಕನ್ನಡ ಯೂನಿಕೋಡನ್ನು ಒತ್ತಕ್ಷರ ಸಮೇತ ಸರಿಯಾಗಿ ತೋರಿಸುವ ವ್ಯವಸ್ಥೆಯೂ ಇನ್‌ಡಿಸೈನಿಗೆ ಬಂದದ್ದು ಅದೇ ಸಿಎಸ್6ರಲ್ಲಿ. ಹಳೆಯ ಪೇಜ್‌ಮೇಕರನ್ನೂ ಬಲ್ಲ, ಹೊಸ ಕನ್ನಡವನ್ನೂ ಬಲ್ಲ ಆವೃತ್ತಿ ಅದೊಂದೇ. ಕೃಷ್ಣೆಯ ಈ ದಂಡೆಗೂ ಆ ದಂಡೆಗೂ ಒಂದೇ ಒಂದು ಸೇತುವೆ ಇದ್ದ ಹಾಗೆ. ಆ ಸೇತುವೆ ಈಗ ಮಾರಾಟಕ್ಕಿಲ್ಲ. ಯಾರ ಹತ್ತಿರ ಮೊದಲೇ ಕೊಂಡದ್ದು ಇದೆಯೋ ಅವರಲ್ಲಿಗೇ ಹೋಗಬೇಕು.

ಅದಕ್ಕಿಂತ ಮೊದಲು ದುಡ್ಡಿಲ್ಲದ ದಾರಿ ನೋಡಿದೆ. ಲಿಬ್ರೆ ಆಫೀಸ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. 2015ರಲ್ಲಿ ಬಂದ ಅದರ 4.4ನೆಯ ಆವೃತ್ತಿಯಿಂದ ಪೇಜ್‌ಮೇಕರ್ ಫೈಲನ್ನು ಓದುವ ಸೌಲಭ್ಯ ಸೇರಿದೆ. ಕೋರಲ್‌ಡ್ರಾ ಫೈಲುಗಳನ್ನೂ ಅದು ತೆರೆಯುತ್ತದೆ. ಕಂಪನಿಗಳು ಕೈಬಿಟ್ಟ ಇಂಥ ಫೈಲುಗಳ ಒಳಗನ್ನು ಬಿಡಿಸಿ ಓದುವುದನ್ನೇ ಕೆಲಸ ಮಾಡಿಕೊಂಡ ಸ್ವಯಂಸೇವಕರ ಗುಂಪೊಂದು ಇದೆ, ಇದು ಅವರ ಶ್ರಮ. ‘ಫೈನಲ್ ಲಾಸ್ಟ್’ ಅದರಲ್ಲಿ ತೆರೆಯಿತು. ಪುಟ ಮಾತ್ರ ಅಸ್ತವ್ಯಸ್ತ, ಎರಡು ಕಾಲಂ ಒಂದರ ಮೇಲೊಂದು ಬಿದ್ದಿದ್ದವು, ಫೋಟೋದ ಜಾಗದಲ್ಲಿ ಖಾಲಿ ಚೌಕ. ಆದರೆ ಮಾತು ಇತ್ತು. 49ನೇ ಪುಟ ಇತ್ತು, 64ನೆಯದೂ ಇತ್ತು. ಅಜ್ಜಾರಿಗೆ ಫೋನ್ ಮಾಡಿ, “ಅಜ್ಜಾರ, ಕೆಳಗಿನ ಓಣಿ ಸಿಕ್ಕೇತ್ರಿ,” ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, “ಓದ್ ನೋಡೂಣು,” ಎಂದರು.

ಓದಲು ಆಗುತ್ತಿರಲಿಲ್ಲ. ಸಿಕ್ಕಿದ್ದು ಕನ್ನಡದ ಹಾಗೆ ಕಾಣುತ್ತಲೇ ಇರಲಿಲ್ಲ.

ನೀವೂ ಇದನ್ನು ನೋಡಿರುತ್ತೀರಿ. ಸೊಸೈಟಿಯ ನೋಟಿಸು ಫೈಲಾಗಿ ವಾಟ್ಸ್‌ಆ್ಯಪಿಗೆ ಬರುತ್ತದೆ, ತೆರೆದರೆ ಬರೀ ವಿಚಿತ್ರ ಗುರುತುಗಳು. ಕಾರಣ ಹೀಗಿದೆ. ಆ ಕಾಲದ ಸಾಫ್ಟ್‌ವೇರುಗಳಲ್ಲಿ ಒಂದು ಫಾಂಟಿಗೆ 256 ಅಕ್ಷರಗಳ ಜಾಗವಷ್ಟೇ ಇತ್ತು, ಅದೂ ಇಂಗ್ಲಿಷು ಮತ್ತು ಯುರೋಪಿನ ಭಾಷೆಗಳ ಹೆಸರಿನಲ್ಲಿ. ಕನ್ನಡ ಆ ಮನೆಗಳಲ್ಲೇ ಬಾಡಿಗೆಗೆ ಇತ್ತು. ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಉಳಿಯುವುದು ಇಂಗ್ಲಿಷಿನ ದೊಡ್ಡ ‘ಪಿ’, ನೆತ್ತಿಯ ಮೇಲೆ ಓರೆ ಗೆರೆ ಇರುವ ‘ಎ’, ಬ್ರಿಟನ್ನಿನ ಪೌಂಡಿನ ಗುರುತು, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ‘ಕ್ಯೂ’, ಕೊನೆಗೆ ಮತ್ತೊಂದು ‘ಎ’. ಪಿ ಎಂದರೆ ತಲೆಕಟ್ಟಿಲ್ಲದ ಕ, ಆ ಗೆರೆಯ ಎ ಎಂದರೆ ತಲೆಕಟ್ಟು, ಪೌಂಡು ಎಂದರೆ ನ. ಫಾಂಟು ಎಂಬುದು ಮೇಲೆ ಹೊದಿಸಿದ ಕನ್ನಡದ ಮುಖ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಆ ಮುಖ ಕಳಚಿ ಬೀಳುತ್ತದೆ. ಯೂನಿಕೋಡಿನಲ್ಲಿ ಹಾಗಿಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಸ್ವಂತ 128 ಜಾಗಗಳಿವೆ. ನಿಮ್ಮ ಫೋನಿನಲ್ಲಿ ಈ ಬರಹ ಕಾಣುತ್ತಿರುವುದು ಅದರಿಂದಲೇ. ಪೇಜ್‌ಮೇಕರಿಗೆ ಮಾತ್ರ ಯೂನಿಕೋಡ್ ಕೊನೆಯ ತನಕ ತಿಳಿಯಲಿಲ್ಲ.

ನುಡಿಯ ಹಳೆಯ ಫಾಂಟುಗಳನ್ನು ಹಾಕಿಕೊಂಡ ಮೇಲೆ ಕೆಳಗಿನ ಓಣಿ ಕಣ್ಣಿಗೆ ಓದಲು ಬಂತು. ಓದಲು ಸಿಕ್ಕರೂ ಅಚ್ಚಿಗೆ ಅದು ಸಾಲದು. ನಮಗೆ ಪುಟದ ಕಟ್ಟೂ ಬೇಕಿತ್ತು. ಪಟ್ಟಿಯಲ್ಲಿ ಯಾವ ಅಡ್ಡಹೆಸರು ಯಾವ ಮನೆಯ ಮುಂದೆ ಎಂಬುದೇ ಮುಖ್ಯ, ಕಾಲಂ ಜಾರಿದರೆ ಒಬ್ಬರ ಮನೆಗೆ ಇನ್ನೊಬ್ಬರ ಹೆಸರು ಬರುತ್ತದೆ.

ವಿಜಯಪುರದಲ್ಲಿ ನಮ್ಮ ಬ್ಯಾಚಿನ ಗೆಳತಿ ಒಬ್ಬಳು ವಾರಪತ್ರಿಕೆಯಲ್ಲಿ ಇದ್ದಾಳೆ. ಅವರ ಆಫೀಸಿನಲ್ಲಿ ಹಿಂದಿನ ಸಂಚಿಕೆಗಳಿಗಾಗಿ ಒಂದು ಮುದಿ ಕಂಪ್ಯೂಟರನ್ನು ಇಂಟರ್‌ನೆಟ್ ಕೊಡದೆ ಮೂಲೆಯಲ್ಲಿ ಇಟ್ಟಿದ್ದಾರೆ, ಅದರಲ್ಲಿ ದುಡ್ಡು ಕೊಟ್ಟು ಕೊಂಡ ಸಿಎಸ್6 ಇದೆ. ಬಸ್ಸು ಹತ್ತಿ ಹೋದೆ. ತೆರೆಯಿತು. ಮೇಲಿನ ಪಟ್ಟಿಯಲ್ಲಿ ಫೈಲಿನ ಹೆಸರಿನ ಮುಂದೆ ‘ಕನ್ವರ್ಟೆಡ್’ ಎಂದು ತೋರಿಸಿತು. ಅಂದರೆ ತೆರೆದದ್ದು ಹಳೆಯ ಫೈಲಿನ ಹೊಸ ರೂಪ, ಇನ್ನೂ ಎಲ್ಲೂ ಉಳಿಸಿಲ್ಲದ್ದು. ಅಕ್ಷರದ ಹಿಂದೆಲ್ಲ ಗುಲಾಬಿ ಬಣ್ಣ, ಅದು ಫಾಂಟು ಸಿಗದ ಕಡೆ ಬರುವ ಗುರುತು. ಫಾಂಟು ಹಾಕಿದೊಡನೆ ಬಣ್ಣ ಹೋಯಿತು. ಫೋಟೋಗಳ ಕಥೆ ಬೇರೆ. ಪುಟದಲ್ಲಿ ಫೋಟೋ ಕಂಡರೂ ನಿಜವಾದ ಫೋಟೋ ಪುಟದ ಫೈಲಿನ ಹೊರಗೆ, ಬೇರೆ ಫೋಲ್ಡರಿನಲ್ಲಿ ಇರುತ್ತದೆ, ಪುಟದಲ್ಲಿ ಇರುವುದು ಅದರ ವಿಳಾಸ ಮಾತ್ರ. ಸಿಡಿಯಲ್ಲಿ ಫೋಟೋ ಫೋಲ್ಡರ್ ಇತ್ತು, ಆದರೆ ಏಳು ಫೋಟೋ ಇರಲಿಲ್ಲ. ಅವುಗಳಲ್ಲಿ ಐದನ್ನು ಪುಸ್ತಕದಿಂದಲೇ ಸ್ಕ್ಯಾನ್ ಮಾಡಿದೆವು. ಎರಡು ಹೋದ ಫಾರಮ್ಮಿನವು, ಕೆಳಗಿನ ಓಣಿಯ ಬಾವಿಯದು ಒಂದು, ಕಟ್ಟೆಯದು ಒಂದು. ಅವು ಸಿಗಲೇ ಇಲ್ಲ. ಹೊಸ ಪುಸ್ತಕದಲ್ಲಿ ಆ ಜಾಗ ಖಾಲಿ ಬಿಟ್ಟು ಕೆಳಗಿನ ವಿವರಣೆ ಮಾತ್ರ ಉಳಿಸಿದ್ದೇವೆ. ಬೇರೆ ಬಾವಿಯ ಫೋಟೋ ಹಾಕೋಣ ಎಂದು ಒಬ್ಬರು ಹೇಳಿದರು, ಅಜ್ಜಾರು ಒಪ್ಪಲಿಲ್ಲ.

ಮೂರು ‘ಫೈನಲ್’ಗಳಲ್ಲಿ ಅಚ್ಚಿಗೆ ಹೋದದ್ದು ಯಾವುದು ಎಂಬುದೂ ಬಗೆಹರಿಯಬೇಕಿತ್ತು. ಫೈಲಿನ ತಾರೀಖು ಸಹಾಯ ಮಾಡುತ್ತದೆ, ಆದರೆ ಯಾರೋ ಸುಮ್ಮನೆ ತೆರೆದು ಸೇವ್ ಮಾಡಿದ್ದರೂ ತಾರೀಖು ಬದಲಾಗುತ್ತದೆ. ಪುಸ್ತಕದ ಇಪ್ಪತ್ತು ಕಡೆಯ ಸಾಲುಗಳನ್ನು ಮೂರರ ಜೊತೆಗೂ ಹೋಲಿಸಿದೆವು. ಅಚ್ಚಾದದ್ದು ‘ಫೈನಲ್ ಒನ್’. ‘ಲಾಸ್ಟ್’ ಎಂಬುದರಲ್ಲಿ ಆಮೇಲೆ ತಿದ್ದಿದ ನಾಲ್ಕು ಹೆಸರುಗಳಿದ್ದವು, ಅವು ಅಚ್ಚಾಗಿರಲೇ ಇಲ್ಲ. ಅಂದರೆ 2004ರಲ್ಲೇ ತಪ್ಪು ಹಿಡಿದ ಯಾರೋ ಮುಂದಿನ ಸಲಕ್ಕೆಂದು ತಿದ್ದಿ ಇಟ್ಟಿದ್ದರು. ಆ ಮುಂದಿನ ಸಲ ಇಷ್ಟು ತಡವಾಗಿ ಬಂತು.

ಈಗ ಸೇವ್ ಮಾಡುವ ವಿಚಾರ. ನನ್ನ ಲೆಕ್ಕದಲ್ಲಿ ತೆರೆಯುವುದಕ್ಕಿಂತ ಅಪಾಯದ ಗಳಿಗೆ ಇದು. ಹಳೆಯ ಫೈಲನ್ನು ಹೊಸ ಸಾಫ್ಟ್‌ವೇರಿನಲ್ಲಿ ತೆರೆದು ಅದೇ ಹೆಸರಿನಲ್ಲಿ ಸೇವ್ ಕೊಟ್ಟರೆ ಕೆಲವು ಸಾಫ್ಟ್‌ವೇರುಗಳು ಒಂದು ಪ್ರಶ್ನೆ ಕೇಳುತ್ತವೆ, ನಾವು ಓದದೆ ಎಂಟರ್ ಒತ್ತುತ್ತೇವೆ. ಆ ಕ್ಷಣಕ್ಕೆ ಹಳೆಯದು ಅಳಿದು ಹೊಸದಾಗುತ್ತದೆ. ಆ ಮೇಲೆ ಪಕ್ಕದ ಊರಿನ ಹಳೆಯ ಕಂಪ್ಯೂಟರಿಗೆ ಅದು ಬೇಡದ ವಸ್ತು. ಹೊಸದು ಹಳೆಯದನ್ನು ಅಲ್ಪಸ್ವಲ್ಪ ಓದೀತು, ಹಳೆಯದು ಹೊಸದನ್ನು ಓದುವುದಿಲ್ಲ. ಲಗ್ನದ ಸೀಸನ್ನಿನಲ್ಲಿ ನಮ್ಮ ಪ್ರೆಸ್ಸಿಗೆ ಬರುವ ಫೋನುಗಳಲ್ಲಿ ಅರ್ಧ ಇದೇ ಇರುತ್ತವೆ: “ಫೈಲ್ ಓಪನ್ ಆಗವಲ್ದು, ಲೋವರ್ ವರ್ಷನ್‌ನ್ಯಾಗ ಸೇವ್ ಮಾಡಿ ಕಳಸ್ರಿ.” ಕೋರಲ್‌ಡ್ರಾದಲ್ಲಿ ‘ಸೇವ್ ಆ್ಯಸ್’ ಕೊಟ್ಟಾಗ ‘ವರ್ಷನ್’ ಎಂಬ ಸಣ್ಣ ಪಟ್ಟಿ ಇರುತ್ತದೆ, ಎದುರಿನವರ ಹತ್ತಿರ ಯಾವುದಿದೆಯೋ ಅದನ್ನು ಆರಿಸಿದರೆ ಆಯಿತು. ಇನ್‌ಡಿಸೈನಿನಲ್ಲಿ ಐಡಿಎಂಎಲ್ ಎಂಬ ಬಗೆಯಲ್ಲಿ ಸೇವ್ ಮಾಡಿದರೆ ಸಿಎಸ್4ರ ತನಕದ ಹಳೆಯ ಆವೃತ್ತಿಗಳೂ ತೆರೆಯುತ್ತವೆ. ಹೊಸ ಆವೃತ್ತಿಯ ವಿಶೇಷ ಅಲಂಕಾರಗಳು ಅದರಲ್ಲಿ ಉಳಿಯದೇ ಹೋಗಬಹುದು, ಮಾತು ಉಳಿಯುತ್ತದೆ.

ನಮ್ಮ ದಂಧೆಯ ಇನ್ನೊಂದು ಮಂತ್ರ ‘ಕರ್ವ್ ಮಾಡಿ ಕಳಸ್ರಿ’. ಕಂಟ್ರೋಲ್ ಮತ್ತು ಕ್ಯೂ ಒತ್ತಿದರೆ ಕೋರಲ್‌ಡ್ರಾದಲ್ಲಿ ಅಕ್ಷರಗಳೆಲ್ಲ ಗೆರೆಗಳಾಗುತ್ತವೆ, ಫಾಂಟಿನ ತಂಟೆಯೇ ಇಲ್ಲ, ಯಾವ ಕಂಪ್ಯೂಟರಿನಲ್ಲೂ ಹಾಗೇ ಕಾಣುತ್ತದೆ. ಅಚ್ಚಿಗೆ ಕಳಿಸಲು ಇದು ಒಳ್ಳೆಯದೇ. ಆದರೆ ಕರ್ವ್ ಆದ ಮೇಲೆ ಅದು ಅಕ್ಷರವಲ್ಲ, ಅಕ್ಷರದ ಚಿತ್ರ. ಮದುಮಗನ ಹೆಸರಿನ ದೀರ್ಘ ಬಿಟ್ಟುಹೋಗಿದ್ದರೆ ಸೇರಿಸಲು ಬರುವುದಿಲ್ಲ. ಕೆಲವು ಪ್ರೆಸ್ಸುಗಳಲ್ಲಿ ಜಾಗ ಉಳಿಸಲು ಕರ್ವ್ ಮಾಡಿದ್ದನ್ನಷ್ಟೇ ಇಟ್ಟು ಮೂಲವನ್ನು ಅಳಿಸುವ ರೂಢಿ ಇದೆ. ಇದನ್ನು ನಾನು ಒಪ್ಪುವುದಿಲ್ಲ. ಅಜ್ಜಾರ ಸಿಡಿಯಲ್ಲಿ ಹಾಗಿದ್ದಿದ್ದರೆ ಕೆಳಗಿನ ಓಣಿಯನ್ನು ಕಣ್ಣಿಂದ ನೋಡಿ ಒಂದೊಂದೇ ಹೆಸರು ಟೈಪ್ ಮಾಡಬೇಕಾಗುತ್ತಿತ್ತು.

ಫಾಂಟಿನ ಬಗ್ಗೆ ಇನ್ನೊಂದು ಸುದ್ದಿ ಹಳೆಯ ಪ್ರೆಸ್ಸಿನವರಿಗೆ ಗೊತ್ತಿರಲಿ. ‘ಟೈಪ್ 1’ ಎಂಬ ಹಳೆಯ ಜಾತಿಯ ಫಾಂಟುಗಳನ್ನು ಅಡೋಬಿನ ಸಾಫ್ಟ್‌ವೇರುಗಳು 2023ರ ಜನವರಿಯಿಂದ ಕೈಬಿಟ್ಟಿವೆ. ಅವುಗಳಲ್ಲಿ ಮಾಡಿದ ಕೆಲಸ ಹೊಸ ಆವೃತ್ತಿಯಲ್ಲಿ ತೆರೆದರೂ, ಫಾಂಟು ಕಂಪ್ಯೂಟರಿನಲ್ಲೇ ಇದ್ದರೂ, ಇಲ್ಲ ಎಂದೇ ತೋರಿಸುತ್ತದೆ.

ವಿಜಯಪುರದಲ್ಲಿ ಸೇವ್ ಮಾಡಿದ್ದನ್ನು ತಂದು ನಮ್ಮ ಹೊಸ ಕಂಪ್ಯೂಟರಿನಲ್ಲಿ ತೆರೆದೆ. ಸಿಎಸ್6ರ ಫೈಲಾದ್ದರಿಂದ ತಕರಾರಿಲ್ಲದೆ ತೆರೆಯಿತು. ಆಮೇಲೆ ಮಾತನ್ನು ಯೂನಿಕೋಡಿಗೆ ಬದಲಿಸುವ ಕೆಲಸ. ನುಡಿ, ಬರಹ ಎರಡಕ್ಕೂ ಜೊತೆಗೇ ಬದಲಿಸುವ ಕನ್ವರ್ಟರ್ ಇವೆ, ಉಚಿತವಾಗಿ ಸಿಗುವ ಬೇರೆಯವೂ ಇವೆ. ಹತ್ತು ಪುಟ ಒಂದು ನಿಮಿಷದಲ್ಲಿ ಬದಲಾಗುತ್ತವೆ. ತಪ್ಪು ಹುಡುಕಲು ಹತ್ತು ದಿನ ಬೇಕಾಗುತ್ತದೆ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ಆಮೇಲೆ ಕೂತಿರುತ್ತದೆ, ಯೂನಿಕೋಡಿನಲ್ಲಿ ರ ಮೊದಲು ಬರಬೇಕು. ಕನ್ವರ್ಟರ್ ಇದನ್ನು ಹಿಂದೆ ಮುಂದೆ ಮಾಡುತ್ತದೆ. ಆದರೆ 2004ರಲ್ಲಿ ಟೈಪ್ ಮಾಡಿದವರು ಕಣ್ಣಿಗೆ ಸರಿ ಕಂಡರೆ ಸಾಕೆಂದು ಕೆಲವು ಕಡೆ ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತು ಹಾಕಿದ್ದರು. ದುರ್ಗವ್ವನ ಗುಡಿ ‘ದುಗ೯ವ್ವನ ಗುಡಿ’ ಆಗಿತ್ತು. ಕಾಗದದ ಮೇಲೆ ಯಾರಿಗೂ ಗೊತ್ತಾಗದು. ಫೋನಿನಲ್ಲಿ ‘ದುರ್ಗವ್ವ’ ಎಂದು ಹುಡುಕಿದರೆ ಮಾತ್ರ ಗುಡಿ ಸಿಗದು. ಇಂಗ್ಲಿಷಿನಲ್ಲಿದ್ದ ಡಿಗ್ರಿಯ ಹೆಸರುಗಳು ಕನ್ವರ್ಟರಿನ ಬಾಯಿಗೆ ಸಿಕ್ಕು ಕನ್ನಡದ ಚೂರುಗಳಾಗಿದ್ದವು. ಮತ್ತೆ ಪ್ರತಿ ಪ್ಯಾರಾಗೂ ‘ವರ್ಲ್ಡ್ ರೆಡಿ ಕಾಂಪೋಸರ್’ ಆರಿಸಬೇಕು, ಇಲ್ಲದಿದ್ದರೆ ಒತ್ತಕ್ಷರ ಕೆಳಗೆ ಇಳಿಯದೆ ಪಕ್ಕದಲ್ಲಿ ನಿಲ್ಲುತ್ತದೆ.

ಪ್ರೂಫ್ ನೋಡಲು ನಾನೇ ಪುನರ್ವಸತಿ ಕೇಂದ್ರಕ್ಕೆ ಹೋದೆ. ಹೆಸರುಗಳ ತಪ್ಪು ಹೊರಗಿನವರಿಗೆ ತಿಳಿಯುವುದಿಲ್ಲ. ಕೆಳಗಿನ ಓಣಿಯಲ್ಲಿ ಹುಟ್ಟಿ ಬೆಳೆದ ಒಬ್ಬ ಅಮ್ಮನ ಕಟ್ಟೆಯ ಮೇಲೆ ಕೂತು ಒಂದೊಂದೇ ಮನೆ ಓದಿದೆ. ಆಕೆಗೆ ಓದಲು ಬರುವುದಿಲ್ಲ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಾನು ಓದಿದ ಹಾಗೆ ಕೈಯಲ್ಲಿ ಎಡಕ್ಕೆ, ಬಲಕ್ಕೆ ತೋರಿಸುತ್ತಿದ್ದಳು, ಓಣಿಯಲ್ಲಿ ನಡೆಯುತ್ತಿದ್ದವಳ ಹಾಗೆ. ಒಂದು ಕಡೆ ಕೈ ನಿಂತಿತು.

“ಇಲ್ಲೊಂದು ಮನಿ ಬಿಟ್ಟೀ ನೋಡವ್ವಾ.”

ನಾನು ಬಿಟ್ಟಿರಲಿಲ್ಲ. ಫೈಲಿನಲ್ಲೇ ಇರಲಿಲ್ಲ, ಮೂರು ‘ಫೈನಲ್’ಗಳಲ್ಲಿ ಯಾವುದರಲ್ಲೂ ಇರಲಿಲ್ಲ. ಗಂಡ ತೀರಿದ ಮೇಲೆ ಮಗಳನ್ನು ಕರೆದುಕೊಂಡು ಗೋವಾಕ್ಕೆ ಹೋದ ಒಬ್ಬಾಕೆಯ ಮನೆ ಅದು. ಮಾಸ್ತರರು ಬರೆಯಲು ಬಂದಾಗ ಬಾಗಿಲಿಗೆ ಕೀಲಿ ಇತ್ತಂತೆ. ಸುತ್ತ ಕೂತಿದ್ದವರು ಚರ್ಚೆ ಮಾಡಿದರು, ಮತ್ತೊಬ್ಬ ಹಿರಿಯರು ಬಂದು ಹೌದು ಎಂದರು. ಆ ಮನೆ ಸೇರಿತು. ಅಚ್ಚಾದ ಹಳೆಯ ಪುಸ್ತಕ ಒಂದು ಸಿಕ್ಕಿದ್ದರೆ ನಾವು ಅದನ್ನೇ ಫೋಟೋ ತೆಗೆದು ಮುನ್ನೂರು ಪ್ರತಿ ಹಾಕಿಬಿಡುತ್ತಿದ್ದೆವೇನೋ.

ಜಾತ್ರೆಗೆ ಎರಡು ದಿನ ಮುಂಚೆ ಪುಸ್ತಕ ಕೈಗೆ ಕೊಟ್ಟೆವು. ಅಜ್ಜಾರಿಗೆ ಒಂದು ಪೆನ್‌ಡ್ರೈವನ್ನೂ ಕೊಟ್ಟಿದ್ದೇನೆ, ಅದರಲ್ಲಿ ನಾಲ್ಕು ಬಗೆಯ ಫೈಲುಗಳಿವೆ. ಸಿಡಿಯಲ್ಲಿದ್ದ ಹಳೆಯ ಫೈಲು ಇದ್ದ ಹಾಗೇ, ಫಾಂಟು ಮತ್ತು ಫೋಟೋ ಸಮೇತ. ಹೊಸ ಪುಟದ ಫೈಲು, ಜೊತೆಗೆ ಅದರ ಐಡಿಎಂಎಲ್. ನೋಡಲು ಪಿಡಿಎಫ್. ಕೊನೆಯದು ಬರೀ ಮಾತು ಮಾತ್ರ ಇರುವ ಸಾದಾ ಯೂನಿಕೋಡ್ ಫೈಲು, ಯಾವ ಅಲಂಕಾರವೂ ಇಲ್ಲದ್ದು. ಪಿಡಿಎಫ್ ಇದ್ದರೆ ಸಾಲದೇ ಎಂದು ಮಾಲೀಕರು ಕೇಳಿದರು. ಕನ್ನಡದ ಪಿಡಿಎಫ್ ನೋಡಲು ಚೆಂದ, ಅದರಲ್ಲಿ ಒತ್ತಕ್ಷರ ಇರುವ ಹೆಸರು ಹುಡುಕಿದರೆ ಎಷ್ಟೋ ಸಲ ಸಿಗುವುದಿಲ್ಲ. ಸಾದಾ ಫೈಲಿನಲ್ಲಿ ಸಿಗುತ್ತದೆ, ಐದು ಸಾವಿರದ ಫೋನಿನಲ್ಲೂ ತೆರೆಯುತ್ತದೆ. ನಾಳೆ ಪ್ರೆಸ್ಸಿನವರು ಬಾಡಿಗೆ ಕಟ್ಟುವುದು ನಿಲ್ಲಿಸಿದರೆ ಹೊಸ ಪುಟದ ಫೈಲು ನಮ್ಮಲ್ಲೇ ತೆರೆಯುವುದಿಲ್ಲ. ಆಗಲೂ ಆ ಸಾದಾ ಫೈಲು ಇರುತ್ತದೆ.

ನಿಮ್ಮ ಊರಿನ ಸಂಚಿಕೆ, ಗುಡಿಯ ಲೆಕ್ಕ, ಮನೆತನದ ವಂಶಾವಳಿ ಯಾವುದೇ ಇರಲಿ, ಅಚ್ಚು ಮಾಡಿಸಿದ ದಿನವೇ ಪ್ರೆಸ್ಸಿನವರಿಂದ ಇಷ್ಟನ್ನೂ ಕೇಳಿ ಪಡೆಯಿರಿ. ಕೆಲವರು ಕೊಡಲು ಹಿಂದೇಟು ಹಾಕುತ್ತಾರೆ, ಫೈಲು ಕೊಟ್ಟರೆ ಗಿರಾಕಿ ಬೇರೆ ಕಡೆ ಹೋಗುತ್ತಾನೆ ಎಂಬ ಭಯ. ಆ ಭಯ ಸುಳ್ಳಲ್ಲ, ನಾವೂ ಅದೇ ದಂಧೆಯಲ್ಲಿ ಇರುವವರು. ಆದರೆ ಹೆಸರುಗಳು ನಿಮ್ಮವು. ಆಲಮಟ್ಟಿ ಅಣೆಕಟ್ಟೆಯಲ್ಲಿ ಈಗ 519.60 ಮೀಟರ್ ತನಕ ನೀರು ನಿಲ್ಲಿಸುತ್ತಾರೆ. ಅದನ್ನು 524.256 ಮೀಟರಿಗೆ ಏರಿಸಲು 2010ರಲ್ಲೇ ನ್ಯಾಯಾಧಿಕರಣದ ಒಪ್ಪಿಗೆ ಸಿಕ್ಕಿದೆ. ಏರಿಸಿದ ದಿನ ಇನ್ನಷ್ಟು ಓಣಿಗಳಿಗೆ ಇಂಥ ಪುಸ್ತಕ ಬೇಕಾಗುತ್ತದೆ.

ಪಟ್ಟಿಯ ಸಾದಾ ಫೈಲು ಅವರ ಊರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡಿತು. ಮೂರನೆಯ ವಾರ ಗೋವಾದಿಂದ ಒಂದು ಫೋನ್ ಪ್ರೆಸ್ಸಿಗೆ ಬಂತು. ಹೊಸದಾಗಿ ಸೇರಿಸಿದ ಮನೆಯ ಮಗಳು. ತಾಯಿಯ ಹೆಸರು ಹುಡುಕಿದರೆ ಸಿಕ್ಕಿತಂತೆ, ಆದರೆ ಅಡ್ಡಹೆಸರಿನಲ್ಲಿ ಒಂದು ಅಕ್ಷರ ಬೇರೆ ಆಗಬೇಕು ಎಂದಳು. ಬರೆದುಕೊಂಡೆ. ಪುಸ್ತಕ ಅಚ್ಚಾಗಿ ಹೋಗಿದೆ, ಫೈಲಿನಲ್ಲಿ ತಿದ್ದಿ ಇಟ್ಟಿದ್ದೇನೆ. ಹೆಸರಿಗೆ ‘ಫೈನಲ್’ ಎಂದು ಹಾಕಲಿಲ್ಲ, ತಾರೀಖು ಹಾಕಿದೆ.

ನಮ್ಮ ಪ್ರೆಸ್ಸಿನ ಅಟ್ಟದ ಮೇಲೆ ಇನ್ನೂ ಎರಡು ಡಬ್ಬಿ ಸಿಡಿಗಳಿವೆ. ಕೆಲಸ ಕಡಿಮೆ ಇದ್ದ ಮಧ್ಯಾಹ್ನಗಳಲ್ಲಿ ಒಂದೊಂದೇ ಕಾಪಿ ಮಾಡುತ್ತಿದ್ದೇನೆ. ಇಲ್ಲಿಯವರೆಗೆ 41 ಆಗಿವೆ, ಅವುಗಳಲ್ಲಿ ಆರು ಓದಲೇ ಇಲ್ಲ. ಒಂದರ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಕೆರಿ ಲೆಕ್ಕ’ ಎಂದಷ್ಟೇ ಇದೆ, ಊರಿನ ಹೆಸರಿಲ್ಲ. ಸೋಮವಾರ ಅದನ್ನು ಹಾಕಿ ನೋಡಬೇಕು.